ಕಣ್ಣಿನ ಪರೀಕ್ಷೆಗೆ ನಾನು ಪಾಠ ಹೇಳಿಕೊಟ್ಟದ್ದು

ಒಳ್ಳೆಯ ಮನಸ್ಸಿನಿಂದ ಮಾಡುವ ತಪ್ಪುಗಳದ್ದು ಒಂದು ತೊಂದರೆ: ಮಾಡುವಾಗ ಬಹಳ ಹಿತವಾಗಿರುತ್ತವೆ. ಹಾಲು ಉಕ್ಕಿಸಿದರೆ, ಸಾರಿಗೆ ಎರಡು ಸಲ ಉಪ್ಪು ಹಾಕಿದರೆ, ತಪ್ಪು ನನ್ನದೆಂದು ಆ ಗಳಿಗೆಯಲ್ಲೇ ತಿಳಿಯುತ್ತದೆ. ಆದರೆ ಶಾಲೆಯ ಮಕ್ಕಳನ್ನು ಕಣ್ಣಿನ ಪರೀಕ್ಷೆಗೆ ತಯಾರು ಮಾಡಿದೆನಲ್ಲ, ಆ ವಾರವೆಲ್ಲ ನಾನು ನೆಲದಿಂದ ಒಂದು ಗೇಣು ಮೇಲೆಯೇ ಓಡಾಡುತ್ತಿದ್ದೆ. ಅದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಆಗ ನಾವು ಜಯನಗರಕ್ಕೆ ಹೊಸಬರು. ಜಯನಗರವೂ ಹೊಸದೇ. ರಸ್ತೆಗಳಿಗೆ ನಂಬರುಗಳಿದ್ದವು, ಮನೆಗಳಿರಲಿಲ್ಲ. ನನ್ನ ಮಗಳು ಲೀಲಾ ಹೋಗುತ್ತಿದ್ದ ಶಾಲೆಯಲ್ಲಿ ಅರ್ಧ ನಮ್ಮಂಥ ಸಂಬಳದವರ ಮಕ್ಕಳು, ಅರ್ಧ ಸಿದ್ದಾಪುರದ ಕಡೆಯ ರೈತರ ಮಕ್ಕಳು. ಒಂದು ದಿನ ಹೆಡ್‌ಮೇಷ್ಟ್ರು ಸೀತಾರಾಮಯ್ಯನವರು ಕೊಡೆ, ಕಡತ ಎರಡನ್ನೂ ಹಿಡಿದುಕೊಂಡು ನಮ್ಮ ಮನೆಗೇ ಬಂದರು. "ಅಮ್ಮಾ, ಮಕ್ಕಳ ಆರೋಗ್ಯ ಹೇಗಿದೆ, ಸುಧಾರಿಸೋಕೆ ಏನು ಮಾಡಬೇಕು ಅಂತ ಇಲಾಖೆಯಿಂದ ಫಾರಂ ಬಂದಿದೆ. ಎಲ್ಲಾ ಇಂಗ್ಲಿಷು. ನೀವು ಕಾನ್ವೆಂಟಲ್ಲಿ ಓದಿದೋರು. ಆರೋಗ್ಯ ಸಮಿತಿಗೆ ನೀವೇ ಸೆಕ್ರೆಟರಿ" ಎಂದರು. ಸಮಿತಿಯಲ್ಲಿ ಇನ್ನು ಯಾರ್ಯಾರಿದ್ದಾರೆ ಎಂದು ಕೇಳಿದೆ. "ಸದ್ಯಕ್ಕೆ ನೀವೇ" ಎಂದರು.

ಕಾನ್ವೆಂಟಿನಲ್ಲಿ ನಾನು ಕಲಿತ ಇಂಗ್ಲಿಷಿನಲ್ಲಿ ಉಡುಗೊರೆ ಕೊಟ್ಟವರಿಗೆ ವಂದನೆಯ ಪತ್ರ ಬರೆಯಬಹುದಿತ್ತು, ಊಟದ ಮೇಜಿನಲ್ಲಿ ಪಕ್ಕದವರನ್ನು ವಿನಯವಾಗಿ ಉಪ್ಪು ಕೇಳಬಹುದಿತ್ತು. ನಮ್ಮ ಮನೆಯಲ್ಲಿ ಊಟದ ಮೇಜೇ ಇರಲಿಲ್ಲ. ಹೀಗೆ ವರ್ಷಗಟ್ಟಲೆ ಕೆಲಸವಿಲ್ಲದೆ ಕುಳಿತಿದ್ದ ಆ ಇಂಗ್ಲಿಷು ಫಾರಂ ಕಂಡೊಡನೆ ಎದ್ದು ನಿಂತಿತು. ಉಗುರು, ಹಲ್ಲು, ತಲೆಗೂದಲು, ತೂಕ, ಕಣ್ಣು, ಒಂದೊಂದಕ್ಕೂ ಒಂದೊಂದು ಅಂಕಣ. ಉಗುರಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಸಿಸ್ಟರುಗಳು ದಿನಾ ಬೆಳಿಗ್ಗೆ ನಮ್ಮ ಬೆರಳುಗಳನ್ನು ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿ ಆರಿಸುವ ಹಾಗೆ ಒಂದೊಂದಾಗಿ ನೋಡುತ್ತಿದ್ದರು. ಕಷ್ಟವಾದದ್ದು ತೂಕ. ಶಾಲೆಯಲ್ಲಿ ತೂಕದ ಯಂತ್ರವಿರಲಿಲ್ಲ. ಕೊನೆಗೆ ಮಕ್ಕಳನ್ನು ಸಾಲಾಗಿ ಸೌದೆ ಡಿಪೋಗೆ ಕರೆದುಕೊಂಡು ಹೋಗಿ, ದೊಡ್ಡ ತಕ್ಕಡಿಯ ಒಂದು ಕಡೆ ಕೂರಿಸಿ, ಇನ್ನೊಂದು ಕಡೆ ಕಬ್ಬಿಣದ ಕಲ್ಲುಗಳನ್ನಿಟ್ಟು ತೂಗಿಸಿದೆ. ಮಕ್ಕಳಿಗೆ ಅದು ಉಯ್ಯಾಲೆ. ಡಿಪೋದ ಮುದುಕ ಮಾತ್ರ ನಗಲಿಲ್ಲ. "ಹಸಿ ಸೌದೆ ತೂಗುತ್ತೆ ತಾಯಿ. ಇವು ಒಣಗಿದಾವೆ" ಎಂದ. ಆ ಮಾತನ್ನು ಫಾರಂನಲ್ಲಿ ಹೇಗೆ ಬರೆಯುವುದೋ ತಿಳಿಯದೆ, ಮಧ್ಯಾಹ್ನದ ಹೊತ್ತು ಒಂದೊಂದು ಹಿಡಿ ಕಡಲೆಕಾಯಿ ಬೀಜ, ಬೆಲ್ಲ ಕೊಡುವ ಏರ್ಪಾಡು ಮಾಡಿ ಅದನ್ನು 'ಸುಧಾರಣೆ' ಎಂಬ ಅಂಕಣದಲ್ಲಿ ಬರೆದೆ.

ಇನ್ನು ಉಳಿದದ್ದು ಕಣ್ಣು. ಪರೀಕ್ಷೆ ಮಾಡಲು ಡಾಕ್ಟರು ಬರುವುದಕ್ಕೆ ಒಂದು ವಾರ ಮೊದಲೇ ಇಲಾಖೆಯಿಂದ ಅಕ್ಷರಗಳ ಚಾರ್ಟು ಬಂತು. ಮೇಲೆ ದೊಡ್ಡ 'ಗ', ಅದರ ಕೆಳಗೆ 'ಪ ವ', ಹೀಗೆ ಇಳಿಯುತ್ತ ಇಳಿಯುತ್ತ ಅಕ್ಷರಗಳು ಇರುವೆಯಷ್ಟಾಗುತ್ತಿದ್ದವು. ಹೆಡ್‌ಮೇಷ್ಟ್ರು ಅದನ್ನು ಭಕ್ತಿಯಿಂದ ಶಾಲೆಯ ಹಾಲ್‌ನ ಗೋಡೆಗೆ ಹಾಕಿಸಿ, "ಅಮ್ಮಾ, ಹೋದ ವರ್ಷ ಕಣ್ಣಿನಲ್ಲಿ ನಮಗೆ ಬರೀ 'ಸಾಧಾರಣ' ಬಂತು. ಈ ಸಲ ಪೋರ್ಷನ್ ಮೊದಲೇ ಬಂದಿದೆ" ಎಂದು ನನ್ನ ಮುಖ ನೋಡಿದರು. ಪರೀಕ್ಷೆ ಎಂದಮೇಲೆ ಮಕ್ಕಳನ್ನು ತಯಾರು ಮಾಡಬೇಡವೇ? ಅವರಿಗೂ ಹಾಗೇ ಅನ್ನಿಸಿತು, ನನಗೂ ಹಾಗೇ ಅನ್ನಿಸಿತು. ದಿನಾ ಅರ್ಧ ಗಂಟೆ ಕೋಲು ಹಿಡಿದು ನಿಂತು, ಚಾರ್ಟಿಗೆ ಮಗ್ಗಿಯ ಧಾಟಿಯ ರಾಗ ಕೂಡಿಸಿ ಹೇಳಿಕೊಟ್ಟೆ. ಐದನೆಯ ದಿನಕ್ಕೆ ಮಕ್ಕಳು ಅದನ್ನು ಹಾಡಿಕೊಂಡು ಹಗ್ಗದಾಟ ಆಡುತ್ತಿದ್ದರು. ಡಾಕ್ಟರು ಬಂದರು, ಕೋಲು ಇಟ್ಟರು, ಮಕ್ಕಳು ಹಾಡಿದರು. ಎಲ್ಲರೂ ಪಾಸು. ಎಲ್ಲರಿಗಿಂತ ಚೆನ್ನಾಗಿ, ಒಂದಕ್ಷರ ತಪ್ಪದೆ ಹೇಳಿದವಳು ಲೀಲಾಳ ಕ್ಲಾಸಿನ ಗೌರಿ. ನಾನು ಒಬ್ಬೊಬ್ಬರ ಮನೆಗೂ ಚೀಟಿ ಬರೆದು ಕಳಿಸಿದೆ: ದೃಷ್ಟಿ ಉತ್ತಮ.

ಗೌರಿಯ ಅಜ್ಜಿ ಮುನಿಯಮ್ಮ ನಮಗೆ ಸೊಪ್ಪು ತಂದುಕೊಡುವವಳು. ನಮ್ಮ ಮನೆ ಇರುವ ಜಾಗದಲ್ಲಿ ಮೊದಲು ಅವಳ ಮನೆಯವರು ರಾಗಿ ಬೆಳೆಯುತ್ತಿದ್ದರಂತೆ. ಅದಕ್ಕೇ ಏನೋ, ಗೇಟು ತಳ್ಳಿಕೊಂಡು ಬರುವಾಗ ತನ್ನ ಹೊಲ ನೋಡಲು ಬಂದವಳ ಗತ್ತು ಅವಳಿಗೆ. ಒಂದು ಬೆಳಿಗ್ಗೆ ಮೊಮ್ಮಗಳನ್ನೂ ಜೊತೆಗೆ ಕರೆತಂದಿದ್ದಳು. ಶಾಲೆಯ ಹೊತ್ತಿನಲ್ಲಿ ಇವಳೇಕೆ ಇಲ್ಲಿ ಎಂದು ಕೇಳಿದೆ.

"ಬುಡುಸ್‌ಬುಟ್ವಿ ಕಣಮ್ಮಾ. ಸೋಮವಾರದಿಂದ ದನಿನ್ ಜೊತೆ ಹೋಯ್ತಾಳೆ. ಬೋರ್ಡಲ್ಲಿ ಒಂದಿದ್ರೆ ಇವ್ಳು ಒಂದು ಬರೀತಾಳಂತೆ. ದಡ್ಡಿ ಅಂದ್ರು ಮೇಷ್ಟ್ರು. ಕಣ್ಣೇನಾರಾ ಮಂದವೇನೋ ಅಂದ್ಕಂಡಿದ್ವಿ. ನೀವು ಚೀಟಿ ಬರ್ಕೊಟ್ರಲ್ಲ, ಕಣ್ಣು ಪಸಂದಾಗೈತೆ ಅಂತ. ಅವ್ರಪ್ಪ ಅಂದ, ಕಣ್ಣು ಸರಿ ಇದ್ದ ಮ್ಯಾಕೆ ತಲೇಲೇ ಏನೂ ಇಲ್ಲ ಅಂತಾಯ್ತಲ್ಲವ್ವಾ ಅಂತ."

ಅಷ್ಟರಲ್ಲಿ, ಯಾವಾಗ ಹಿಂದಕ್ಕೆ ಹೋಗಿದ್ದಳೋ, ಹಿಂದುಗಡೆ ಅಂಗಳದಿಂದ ಗೌರಿಯ ದನಿ ಕೇಳಿಸಿತು: "ಅಮ್ಮೋರೆ, ಅಜ್ಜಿ ದಂಟಿನ್ ಸೊಪ್ಪು ತಂದೈತೆ." ನಾನಿದ್ದದ್ದು ಮುಂದಿನ ಜಗಲಿಯಲ್ಲಿ. ಹೋಗಿ ನೋಡಿದರೆ, ತಂತಿಯ ಮೇಲೆ ಒಣಗಲು ಹಾಕಿದ್ದ ನನ್ನ ಹಸಿರು ಸೀರೆಯ ಮುಂದೆ ಆ ಮಗು ಕೈಕಟ್ಟಿಕೊಂಡು ವಿನಯವಾಗಿ ನಿಂತಿತ್ತು. ಸೀರೆ ಗಾಳಿಗೆ ಅಲ್ಲಾಡಿತು. ನಾನು ತಲೆ ಆಡಿಸಿದೆನೆಂದು ತಿಳಿದು ಅವಳು ಸಮಾಧಾನದಿಂದ ನಕ್ಕಳು. ನನಗೂ ಮೊದಲು ಬಂದದ್ದು ನಗುವೇ. ಆ ನಗುವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸೊಪ್ಪು ಹಾಗೇ ಬಿಟ್ಟು ಶಾಲೆಗೆ ಓಡಿದೆ. ಹೆಡ್‌ಮೇಷ್ಟ್ರು, "ಈಗಾಗಲೇ 'ಉತ್ತಮ' ಅಂತ ಹೋಗಿದೆಯಲ್ಲಮ್ಮಾ, ಒಂದೇ ತಿಂಗಳಿಗೆ ಕಣ್ಣು ಕೆಡ್ತು ಅಂದ್ರೆ ಇಲಾಖೆಯೋರು ನಗೋದಿಲ್ವೇ?" ಎಂದು ಪೇಚಾಡಿದರು. "ನಗಲಿ ಸಾರ್, ನನ್ನ ಹೆಸರು ಹೇಳಿ" ಎಂದೆ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಮಸಿಯಲ್ಲಿ ಬೇರೆ ಅಕ್ಷರಗಳನ್ನು ಬರೆದು, ಅದೇ ಗೋಡೆಗೆ ಹಾಕಿ, ಮಾರನೆಯ ದಿನ ಮಕ್ಕಳನ್ನೆಲ್ಲ ಮತ್ತೆ ನಿಲ್ಲಿಸಿದೆ. ಒಂದು ದಿನದ ಮಟ್ಟಿಗೆಂದು ಮುನಿಯಮ್ಮನನ್ನು ಬೇಡಿಕೊಂಡು ಗೌರಿಯನ್ನೂ ಕರೆಸಿದ್ದೆ. ಕೋಲನ್ನು 'ಮ' ಅಕ್ಷರದ ಮೇಲಿಟ್ಟೆ. ಅವಳು ಎದೆ ಸೆಟೆಸಿ ನಿಂತು, ನಾನೇ ಕಲಿಸಿದ ರಾಗದಲ್ಲಿ 'ಗ'ದಿಂದ ಶುರುಮಾಡಿ ಹಳೆಯ ಚಾರ್ಟನ್ನು ಪೂರ್ತಿ ಹಾಡಿದಳು. ಮಕ್ಕಳು ಗೊಳ್ಳೆಂದರು. ಏಕೆ ನಗುತ್ತಿದ್ದಾರೆಂದು ಅವಳಿಗೆ ತಿಳಿಯಲಿಲ್ಲ. ಶಬಾಷ್ ಎನ್ನುತ್ತೇನೆಂದು ನನ್ನ ಕಡೆ, ಎಂದರೆ ಸುಮಾರಾಗಿ ನನ್ನ ಕಡೆ, ಮುಖ ಮಾಡಿ ಕಾಯುತ್ತಿದ್ದಳು. ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಬಹಳ ಹೊತ್ತು ಒರೆಸಿಕೊಂಡರು. "ದಡ್ಡಿ ಅಂದವನು ನಾನೇ ಅಮ್ಮಾ" ಎಂದರು ಮೆಲ್ಲಗೆ. ಅವಳಂತೆಯೇ ಹಾಡಿ ಪಾಸಾಗಿದ್ದವರು ಇನ್ನೂ ಕೆಲವರು ಸಿಕ್ಕಿದರು.

ಮುನಿಯಮ್ಮನನ್ನು ಒಪ್ಪಿಸುವುದು ಇಲಾಖೆಯನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. "ಹೆಣ್ ಮಗೀಗೆ ಕನ್ನಡ್ಕ ಹಾಕುದ್ರೆ ಯಾವೋನ್ ಕಟ್ಕೊಂಡಾನು?"

"ಯಾರಾದ್ರೂ ಕಟ್ಕೊಳ್ಳಲಿ ಮುನಿಯಮ್ಮ. ಕಟ್ಕೊಂಡೋನ ಮುಖ ಇವಳಿಗೆ ಕಾಣ್ಬೇಕೋ ಬೇಡ್ವೋ?"

"ನಂಗೆ ಚೆಂದಾಗೇ ಕಾಣುಸ್ತಿತ್ತು ಕಣಮ್ಮಾ, ಏನ್ ಬಂತು ಭಾಗ್ಯ?" ಎಂದವಳು ತನ್ನ ಮಾತಿಗೆ ತಾನೇ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ನಗು ಮುಗಿದಮೇಲೆ ಕೇಳಿದಳು: "ದಡ್ಡಿ ಅಲ್ವಾ ಹಂಗಾದ್ರೆ ನಮ್ ಮಗು?"

"ಒಂದು ಚಾರ್ಟು ಪೂರ್ತಿ ಕಿವಿಯಲ್ಲೇ ಕಲ್ತಿದಾಳೆ. ದಡ್ಡಿ ನಾನು."

"ಅಂಗನ್‌ಬೇಡಿ, ಬುಡಿ" ಎಂದು ಮುನಿಯಮ್ಮ ಒಂದು ಕಟ್ಟು ಸೊಪ್ಪು ಹೆಚ್ಚಿಗೆ ಇಟ್ಟು ಹೋದಳು. ಮಗನ ಹತ್ತಿರ ಏನು ಮಾತಾಡಿದಳೋ, ಸೋಮವಾರ ಗೌರಿ ದನಗಳ ಹಿಂದೆ ಹೋಗಲಿಲ್ಲ. ನನ್ನ ಕೈ ಹಿಡಿದುಕೊಂಡು ಕಣ್ಣಾಸ್ಪತ್ರೆಗೆ ಬಂದಳು.

ಕನ್ನಡಕ ಬಂದ ದಿನ ಅವಳನ್ನು ನಮ್ಮ ಜಗಲಿಯಲ್ಲೇ ಕೂರಿಸಿ, ಕಿವಿ ನೋಯದ ಹಾಗೆ ನಾನೇ ಹಾಕಿದೆ. ಎದುರಿನ ಹೊಂಗೆ ಮರವನ್ನು ನೋಡಿ, "ಎಲೆ ಬಿಡಿ ಬಿಡಿಯಾಗೈತೆ" ಎಂದಳು. ಆಮೇಲೆ ಲೀಲಾಳ ಮುಖ ನೋಡಿದಳು, ಇಬ್ಬರೂ ನಾಚಿಕೊಂಡು ಕಿಸಿಕಿಸಿ ನಕ್ಕರು. ಕೊನೆಗೆ ನನ್ನ ಕಡೆ ತಿರುಗಿದಳು. ಕೃತಜ್ಞತೆಯ ಎರಡು ಮಾತು ಬರಬಹುದೆಂದು ನಾನು ಕಣ್ಣು ತೇವ ಮಾಡಿಕೊಂಡು ಸಿದ್ಧಳಾಗಿ ಕುಳಿತಿದ್ದೆ.

"ಅಮ್ಮೋರೆ," ಎಂದಳು ಗೌರಿ, ಸಂತೋಷದಿಂದ ಮುಖವರಳಿಸಿ, "ನಿಮ್ಗೆ ಮೀಸೆ ಐತೆ!"

ಆ ಸಂಜೆ ಯಜಮಾನರು ಆಫೀಸಿನಿಂದ ಬಂದು ಕಾಫಿ ಕುಡಿಯುತ್ತಿದ್ದಾಗ, ಸಾಧ್ಯವಾದಷ್ಟು ನಿರಾಳವಾಗಿ ಕೇಳಿದೆ: "ಅಲ್ಲಾ, ನನ್ನ ಮೇಲ್ತುಟಿಯ ಮೇಲೆ ನಿಮಗೇನಾದರೂ ಕಾಣಿಸುತ್ತಾ?" ಅವರು ಲೋಟ ಕೆಳಗಿಟ್ಟು, ಕನ್ನಡಕದೊಳಗಿಂದ ನನ್ನನ್ನು ಎಚ್ಚರಿಕೆಯಿಂದ ನೋಡಿ, ಕನ್ನಡಕವನ್ನು ತೆಗೆದು ಮಡಿಚಿ ಜೇಬಿಗಿಟ್ಟುಕೊಂಡು ಹೇಳಿದರು, "ನನ್ನದು ಹಳೇ ನಂಬರು ಕಣೇ. ನನಗೇನೂ ಕಾಣಿಸ್ತಾ ಇಲ್ಲ."