ನನ್ನ ಪತಂಗದ ಪೆಟ್ಟಿಗೆ

ಎಲ್ಲರ ಮನೆಯ ದೀಪಕ್ಕೂ ಪತಂಗಗಳು ಬರುತ್ತವೆ. ನನ್ನ ದೀಪಕ್ಕೆ ದೂರುಗಳೂ ಬಂದವು.

ಅಂಚೆ ಹಂಚುವ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಹಿತ್ತಲಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದೇನೆ. ಮೇಲೆ ಪ್ರಖರವಾದ ದೀಪ, ಒಳಗೆ ಮೊಟ್ಟೆಯ ಖಾಲಿ ಟ್ರೇಗಳು. ಬೆಳಕಿಗೆ ಮರುಳಾಗಿ ಬಂದ ಪತಂಗಗಳು ಟ್ರೇಯ ಗುಳಿಗಳಲ್ಲಿ ಮಲಗುತ್ತವೆ. ಬೆಳಿಗ್ಗೆ ಅವುಗಳ ಹೆಸರು ಬರೆದುಕೊಂಡು ಪೊದೆಯೊಳಗೆ ಬಿಟ್ಟುಬಿಡುತ್ತೇನೆ. ಇಷ್ಟು ನಿರುಪದ್ರವಿ ಹವ್ಯಾಸ ಇಡೀ ಶ್ರಾಪ್‌ಷೈರ್ ಜಿಲ್ಲೆಯಲ್ಲಿ ಇನ್ನೊಂದಿರಲಾರದು.

ಆದರೆ ಎಡಮನೆಯ ಬಾರ್ನಬಿ ಟಕ್‌ಗೆ ತನ್ನ ಕೋಸಿನ ಚಿಂತೆ. (ಅವನ ಕೋಸಿಗೆ ಊರಿನ ಪ್ರದರ್ಶನದಲ್ಲಿ ನಾಲ್ಕು ಸಲ ಬಹುಮಾನ ಬಂದಿದೆ. ಅದನ್ನು ಹೇಳದೆ ಅವನು ‘ಗುಡ್ ಮಾರ್ನಿಂಗ್’ ಕೂಡ ಹೇಳುವುದಿಲ್ಲ.)

"ದೀಪ ಹಚ್ಚಿ ಜಿಲ್ಲೆಯ ಹುಳಾನೆಲ್ಲ ನನ್ನ ಕೋಸಿನ ಊಟಕ್ಕೆ ಕರೀತಿದ್ದೀಯ ಕ್ಲೆಮೆಂಟ್! ಪಂಚಾಯಿತಿಗೆ ಅರ್ಜಿ ಬರೀತೀನಿ, ನೋಡ್ತಿರು" ಎಂದ.

ಬಲಮನೆಯ ಮಿಸೆಸ್ ಪ್ರಿಚರ್ಡ್, ನಿವೃತ್ತ ಮುಖ್ಯೋಪಾಧ್ಯಾಯಿನಿ, ಬೇಲಿಯಾಚೆ ನಿಂತು ತಮ್ಮ ಉಣ್ಣೆಯ ಸ್ವೆಟರಿಗೆ ಹುಳ ಕೊರೆದ ತೂತಿನಲ್ಲಿ ಬೆರಳು ತೂರಿಸಿ ತೋರಿಸಿದರು. "ಅರ್ಜಿಗೆ ನಾನೂ ಸಹಿ ಹಾಕ್ತೀನಿ."

ಆಗ ನನಗೆ ಜ್ಞಾನೋದಯವಾಯಿತು: ಇವರಿಬ್ಬರನ್ನೂ ಕರೆದು ಪತಂಗ ದರ್ಶನ ಮಾಡಿಸಬೇಕು!

"ಕರಿ. ಆದ್ರೆ ಭಾಷಣ ಬೇಡ" ಎಂದಳು ನನ್ನ ಹೆಂಡತಿ ತೆಲ್ಮಾ.

"ಭಾಷಣ ಅಲ್ಲ ಕಣೇ, ಎರಡೇ ಮಾತು."

"ನಿನ್ನ ಎರಡು ಮಾತಿಗೆ ನಮ್ಮ ಮದುವೆ ಊಟ ಆರಿ ತಣ್ಣಗಾಗಿತ್ತು."

ನಾನು ಹನ್ನೊಂದು ಪುಟ ಬರೆದುಕೊಂಡೆ.

ಶನಿವಾರ ಬೆಳಿಗ್ಗೆ ಇಬ್ಬರೂ ಬಂದು ಚಹಾ, ಟೋಸ್ಟ್ ಹಿಡಿದು ಕೂತರು. ಮೊದಲ ಟ್ರೇಯಲ್ಲೇ ಹೆಬ್ಬೆರಳುದ್ದದ ಒಂದು ಸುಂದರಿ. ಮೈಯೆಲ್ಲ ಗುಲಾಬಿ, ನಡುನಡುವೆ ಪಾಚಿ ಹಸಿರು. ಮಿಸೆಸ್ ಪ್ರಿಚರ್ಡರ ಬೆರಳಿಗೆ ಹತ್ತಿಸಿದೆ. ಮುಖ್ಯೋಪಾಧ್ಯಾಯಿನಿಯ ಮುಖ ಒಂದನೇ ಕ್ಲಾಸಿನ ಹುಡುಗಿಯದಾಯಿತು.

"ಅಯ್ಯೋ, ಪುಟ್ಟ ಕಾಲಲ್ಲಿ ಕಚಗುಳಿ ಇಡುತ್ತೆ!"

ಬಾರ್ನಬಿ ಕೋಸು ಮರೆತು ಬಗ್ಗಿದ. "ಏನ್ ಮಾರಾಯ, ಇದು ನಮ್ಮೂರಿಂದೇನಾ?"

ಗೆದ್ದೆ! ಅಲ್ಲಿಗೇ ನಿಲ್ಲಿಸಬೇಕಿತ್ತು. "ಮಿತ್ರರೇ, ಕೀಟಗಳಿಗೆ ಹೆದರುವುದು ಅಜ್ಞಾನದ ಪರಮಾವಧಿ" ಎಂದು ಘೋಷಿಸುತ್ತ, ನೋಡದೆಯೇ ಕೊನೆಯ ಟ್ರೇ ಎತ್ತಿದೆ.

ಅಡಿಯಲ್ಲಿ ದೊಡ್ಡದೊಂದು ಕಣಜ ‘ಝುಂಯ್’ ಎಂದಿತು.

ಆಮೇಲೆ ನನಗೆ ಗೊತ್ತಾಗಿದ್ದು, ನಾನು ಗುದ್ದಲಿ-ಪಿಕಾಸಿಯ ಶೆಡ್ಡಿನೊಳಗೆ ಅಗುಳಿ ಹಾಕಿಕೊಂಡು ನಿಂತಿದ್ದೇನೆ ಎಂಬುದು. ಆ ವೇಗದಲ್ಲಿ ಕಾಗದ ಹಂಚಿದ್ದರೆ ಇಲಾಖೆ ಪದಕ ಕೊಡುತ್ತಿತ್ತು.

ಹಲಗೆಯ ಸಂದಿಯಿಂದ ಇಣುಕಿದೆ. ಮಿಸೆಸ್ ಪ್ರಿಚರ್ಡ್ ನಿಧಾನವಾಗಿ ಕಣಜದ ಮೇಲೆ ಚಹಾದ ಕಪ್ಪು ಬೋರಲು ಹಾಕಿ, ಅಡಿಗೆ ನನ್ನ ಹನ್ನೊಂದು ಪುಟ ತೂರಿಸಿ, (ಭಾಷಣ ಉಪಯೋಗಕ್ಕೆ ಬಂದದ್ದು ಅಷ್ಟೇ) ಬೇಲಿಯ ಮೇಲೆ ಬಿಟ್ಟರು.

"ಪಾಪ, ಚಳಿಗೆ ಮರಗಟ್ಟಿಹೋಗಿದೆ. ಕ್ಲೆಮೆಂಟ್, ಹೊರಗ್ ಬನ್ನಿ. ಯಾರೂ ಏನೂ ಮಾಡಲ್ಲ."

ಬಾರ್ನಬಿ ನಗುತ್ತ ಹುಲ್ಲಿನ ಮೇಲೆ ಉರುಳಾಡುತ್ತಿದ್ದ. ಅರ್ಜಿಯ ಮಾತು ಅಲ್ಲಿಗೇ ಮುಗಿಯಿತು.

ಮುಂದಿನ ಶನಿವಾರ ಎದ್ದು ನೋಡಿದರೆ ಹಿತ್ತಲಲ್ಲಿ ಪೆಟ್ಟಿಗೆಯೇ ಇಲ್ಲ!

"ಮಿಸೆಸ್ ಪ್ರಿಚರ್ಡ್ ಕೇಳಿದ್ರು, ಕೊಟ್ಟೆ. ಬಾ, ಎಲ್ಲಾ ಅವ್ರ ಹಿತ್ತಲಲ್ಲೇ ಇದ್ದಾರೆ" ಎಂದಳು ತೆಲ್ಮಾ.

ಅರ್ಧ ಬೀದಿಯೇ ಅಲ್ಲಿತ್ತು. ಮಿಸೆಸ್ ಪ್ರಿಚರ್ಡ್ ಕನ್ನಡಕ ಏರಿಸಿ ಪಾಠ ಮಾಡುತ್ತಿದ್ದರು. ಬಾರ್ನಬಿ ಭಕ್ತಿಯಿಂದ ಹೆಸರು ಬರೆದುಕೊಳ್ಳುತ್ತಿದ್ದ. ಒಂದು ಹೆಸರು ತಪ್ಪಿತ್ತು. ತಿದ್ದಲು ನಾನು ಬಾಯಿ ತೆರೆಯುವಷ್ಟರಲ್ಲಿ, ಮೂಲೆಮನೆಗೆ ಹೊಸದಾಗಿ ಬಂದಾಕೆ "ಇವರು ಯಾರು?" ಎಂದು ಕೇಳಿದರು.

ಮಿಸೆಸ್ ಪ್ರಿಚರ್ಡ್ ಅಕ್ಕರೆಯಿಂದ ನನ್ನ ಭುಜದ ಮೇಲೆ ಕೈಯಿಟ್ಟರು.

"ಪಕ್ಕದ್ಮನೆ ಕ್ಲೆಮೆಂಟ್. ಹುಳ ಅಂದ್ರೆ ಪ್ರಾಣಭಯ, ಪಾಪ. ಸ್ವಲ್ಪ ದೂರ ಕೂರಿಸಿ. ನಿಧಾನಕ್ಕೆ ಅಭ್ಯಾಸ ಮಾಡಿಸ್ತಾ ಇದ್ದೀವಿ."