ಗಾಲ್ಫ್ ಹುಲ್ಲಿನ ಮೇಲೆ ಕೆಂಪು ಬೈರಾಸು

ಗಾಲ್ಫ್ ಆಟವನ್ನು ಒಂದೇ ವಾರದಲ್ಲಿ ಅರೆದು ಕುಡಿದುಬಿಡುತ್ತೇನೆ ಎಂದು ಹೆಂಡತಿಯ ಎದುರು ಶಪಥ ಮಾಡಿದೆ.

"ಕುಡಿಯಿರಿ ಮಾರಾಯ್ರೆ. ಅಲ್ಲಿ ಹೋಗಿ ಕಕ್ಕಬೇಡಿ, ಅಷ್ಟೆ," ಎಂದಳು ನೀಲಾವತಿ.

ವಿಷಯ ಇಷ್ಟು. ನಮ್ಮ ಮಗಳು ಹರಿಣಿಯೂ ಅವಳ ಆಫೀಸಿನ ತಿಲಕ್ ಎಂಬ ಹುಡುಗನೂ ಪರಸ್ಪರ ಒಪ್ಪಿಯಾಗಿತ್ತು. ಹಿರಿಯರು ಹೂಂ ಅನ್ನುವುದೊಂದೇ ಬಾಕಿ. ಹುಡುಗನ ಅಪ್ಪ ಸುಭಾಷ ಶೆಟ್ಟರು ಮುಂಬಯಿಯ ಗ್ರಾಂಟ್ ರೋಡಿನಲ್ಲಿ ಹೋಟೆಲು ಇಟ್ಟವರು, ಈಚೆಗೆ ಗಾಲ್ಫ್ ಹುಚ್ಚು ಹತ್ತಿಸಿಕೊಂಡವರು. ಅವರು ಮುಲುಂಡಿನ ನಮ್ಮ ಮನೆಗೆ ಬರಲು ಒಪ್ಪಲಿಲ್ಲ.

"ಮನೆಯಲ್ಲಿ ಶಿರಾ ಬಡಿಸುವಾಗ ಎಲ್ಲರೂ ಒಳ್ಳೆಯವರೇ. ಚೆಂಬೂರಿನಲ್ಲಿ ದೊಡ್ಡ ಟೂರ್ನಮೆಂಟ್ ಉಂಟು, ಪಾಸು ಕಳಿಸ್ತೇನೆ, ಅಲ್ಲಿ ಸಿಕ್ಕುವ. ನಿಮಗೆ ಗಾಲ್ಫ್ ಗೊತ್ತುಂಟಲ್ಲ?" ಎಂದು ಫೋನಿನಲ್ಲಿ ಕೇಳಿದರು.

"ಗಾಲ್ಫಾ? ನನಗೆ ಪ್ರಾಣ!" ಎಂದುಬಿಟ್ಟೆ. ಮಗಳ ಮದುವೆಯ ಮಾತಿನ ನಡುವೆ "ಗೊತ್ತಿಲ್ಲ" ಎನ್ನುವ ಅಪ್ಪ ಎಲ್ಲಿದ್ದಾನೆ, ತೋರಿಸಿ!

ಹರಿಣಿಯ ಮುಖ ಮಾತ್ರ ಸಣ್ಣಗಾಯಿತು. "ಪಪ್ಪಾ, ಪ್ಲೀಸ್, ಉಧರ್ ಕುಛ್ ಮತ್ ಬೋಲ್ನಾ, ಒಂದು ಮಾತೂ ಬೇಡ. ತಿಲಕ್‌ನ ಮಮ್ಮಿಗೆ ಮ್ಯಾನರ್ಸ್ ಅಂದ್ರೆ ತುಂಬಾ ಇಂಪಾರ್ಟೆಂಟ್. ಅವರು ನೋ ಅಂದ್ರೆ ಫಿನಿಶ್."

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೇ ಲೋಕಲ್ ರೈಲು ಹಿಡಿದು, ಕುರ್ಲಾದಲ್ಲಿ ಗಾಡಿ ಬದಲಿಸಿ, ಹೇಳಿದ ಹೊತ್ತಿಗಿಂತ ಮೊದಲೇ ಮೈದಾನ ತಲುಪಿದೆವು. ಆಹಾ, ಏನು ಹುಲ್ಲು! ಯಾವ ಕಡೆ ತಿರುಗಿದರೂ ಅದೇ ಹುಲ್ಲು. ಒಬ್ಬ ಆಟಗಾರ ಕೋಲು ಎತ್ತಿದ. ಜನ ಉಸಿರು ಬಿಗಿಹಿಡಿದರು. ಅವನು ಬೀಸಿದ, ನಾನು "ವಾಹ್, ಏನು ಹೊಡೆತ!" ಎಂದು ಕೂಗಿದೆ. ಅದು ಬರೀ ಅಭ್ಯಾಸದ ಬೀಸು, ಚೆಂಡು ಇದ್ದಲ್ಲೇ ಇತ್ತು. ಸುತ್ತಲಿನವರು ನನ್ನನ್ನು ನೋಡಿದ ನೋಟಕ್ಕೆ ನೀಲಾವತಿ ಎರಡು ಹೆಜ್ಜೆ ದೂರ ಸರಿದು ನಿಂತಳು.

ಆಮೇಲೆ ನೋಡುತ್ತೇನೆ, ಚೆಂಡು ಹೋದ ಕಡೆಗೆ ಆಟಗಾರನೂ ಹೊರಟ, ಅವನ ಹಿಂದೆ ಪ್ರೇಕ್ಷಕರೂ ಹೊರಟರು! ಪಾಸು ತೋರಿಸಿ ನಡೆಯುವ ಆಟ! "ಕೊನೆಗೆ ಎಲ್ಲರೂ ಬರುವುದು ಕೊನೆಯ ಕುಳಿಗೇ ತಾನೆ? ಅಲ್ಲೇ ಹೋಗಿ ಕೂತರಾಯಿತು," ಎಂದೆ. ಅಲ್ಲಿ ಹೋದರೆ ಕೆರೆಯ ಪಕ್ಕ ಮೆತ್ತನೆಯ ಹುಲ್ಲು, ಮರದ ನೆರಳು, ಒಂದು ತೆಳ್ಳಗಿನ ಹಗ್ಗ. ಹಗ್ಗದ ಒಳಗೆ ಒಂದು ನರಪಿಳ್ಳೆ ಇಲ್ಲ! ಮುಂಬಯಿಯಲ್ಲಿ ಇಷ್ಟು ಜಾಗ ಖಾಲಿ ಬಿದ್ದಿದೆ, ಹಿಡಿಯುವವರಿಲ್ಲ! ವರ್ಷಗಟ್ಟಲೆ ಸೆಂಟ್ರಲ್ ಲೈನಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದ ಈ ಕೈ ಸುಮ್ಮನಿದ್ದೀತೇ? ಚೀಲದಿಂದ ಮೈ ಒರೆಸುವ ಕೆಂಪು ಬೈರಾಸು ತೆಗೆದು ಮರದ ಬುಡದಲ್ಲಿ ಅಗಲವಾಗಿ ಹಾಸಿ, ಹಾರದಂತೆ ನೀರಿನ ಬಾಟಲಿ ಇಟ್ಟೆ.

"ಇದು ಲೋಕಲ್ ಅಲ್ಲ," ಎಂದಳು ನೀಲಾವತಿ.

"ಶೆಟ್ಟರಿಗೆ ಎದುರು ಸಾಲು ಸಿಕ್ಕಿದ ಮೇಲೆ ನೀನೇ ಹೊಗಳುತ್ತೀ," ಎಂದೆ.

ಶೆಟ್ಟರೂ ಅವರ ಹೆಂಡತಿ ವಂದನಕ್ಕನೂ ಚಹಾದ ಟೆಂಟಿನಲ್ಲಿ ಸಿಕ್ಕರು. ವಂದನಕ್ಕ ಹೆಚ್ಚು ಮಾತಿನವರಲ್ಲ. ನಾನು ಸಾಸರಿಗೆ ಚಹಾ ಸುರಿದುಕೊಳ್ಳಲು ಹೊರಟು ಸುಧಾರಿಸಿಕೊಂಡದ್ದನ್ನು ಮಾತ್ರ ಗಮನಿಸಿದರು. ಆಟ ಮುಗಿಯುತ್ತ ಬಂತೆಂದು ನಾಲ್ವರೂ ಬೇರೊಂದು ದಾರಿಯಿಂದ ಕೊನೆಯ ಕುಳಿಯ ಕಡೆ ನಡೆದೆವು. ಅಷ್ಟರಲ್ಲಿ ಆಕಾಶದಿಂದ ಒಂದು ಚೆಂಡು ಬಂದು ಧೊಪ್ಪೆಂದು ಬಿತ್ತು. ಜನ ಹೋ ಎಂದರು. ಬಿಳಿ ಟೋಪಿಯ ರೆಫರಿ ಓಡಿ ಬಂದ. ಜನರ ಕಾಲುಗಳ ಸಂದಿಯಿಂದ ಇಣುಕಿದೆ. ಹುಲ್ಲಿನ ಮೇಲೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ಬಿಳಿ ಚೆಂಡು!

"ಯೇ ಕಿಸಕಾ ಹೈ?" ಬಟ್ಟೆ ಯಾರದೆಂದು ರೆಫರಿ ಗುಡುಗಿದ.

ಹರಿಣಿಯ ಮದುವೆ ಆ ಬೈರಾಸಿನ ಜೊತೆಗೇ ಮಡಚಿಹೋಯಿತು ಎನಿಸಿತು. ಬದುಕುವ ದಾರಿ ಒಂದೇ. ಯಾರಿಗೂ ಸಂಶಯ ಬರುವ ಮೊದಲು ನಾನೇ ಗಂಟಲು ಏರಿಸಿದೆ:

"ಛೀ! ಯಾರಪ್ಪ ಇವರು ಗಾವಿಲರು! ಹಗ್ಗದ ಒಳಗೆ ಬಟ್ಟೆ ಹಾಸಲು ಇದೇನು ಲೋಕಲ್ ಗಾಡಿಯೇ? ಮ್ಯಾನರ್ಸ್ ಇಲ್ಲದ ಜನ! ಇಂಥವರ ಮನೆಗೆ ಹೆಣ್ಣು ಕೊಡುವವರೂ ಇರುತ್ತಾರಲ್ಲ, ಶೆಟ್ಟರೇ!"

ಶೆಟ್ಟರು ಕೆಮ್ಮಿದರು. ವಂದನಕ್ಕನ ಮುಖ ಕೆಂಪೇರಿತು.

"ಅದು ನನ್ನ ಶಾಲು," ಎಂದರು ಅವರು. "ನಾವು ನಾಲ್ಕು ಜನ ಒಟ್ಟಿಗೆ ಕೂರ್ಲಿಕ್ಕೆ ಅಂತ ಬೆಳಿಗ್ಗೆಯೇ ಬಂದು ಹಾಸಿದ್ದು. ಹೋಟೆಲು ಆಗುವ ಮೊದಲು ನಾನೂ ಕಾಂದಿವಲಿಯಿಂದ ಲೋಕಲಿನಲ್ಲೇ ಓಡಾಡಿದವಳು. ಅಭ್ಯಾಸ ಹೋಗಿಲ್ಲ."

ಶೆಟ್ಟರು ಕೈಗಡಿಯಾರ ನೋಡಿಕೊಂಡರು, ಹೊರಡುವ ಲಕ್ಷಣ. ಆಗ ನೀಲಾವತಿ ಮುಂದೆ ಬಂದಳು.

"ಅಕ್ಕ, ಇವರ ಮಾತು ಬಿಡಿ. ಅದು ತನ್ನದೇ ಅಂತ ಗ್ರಹಿಸಿ ಹೆದರಿ ಬೊಬ್ಬೆ ಹಾಕಿದ್ದು. ಅಗೊ, ಇವರದ್ದು ಆಚೆ ಮರದ ಬುಡದಲ್ಲಿ ಉಂಟು ನೋಡಿ."

ಎಲ್ಲರೂ ತಿರುಗಿದರು. ಕುಳಿಯ ಆಚೆ ಬದಿಯಲ್ಲಿ, ಹಗ್ಗದ ಒಳಗೇ, ನನ್ನ ಕೆಂಪು ಬೈರಾಸು ಬಾಟಲಿಯ ಸಮೇತ ಮಲಗಿತ್ತು! ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಡಲಿಲ್ಲ, ಅಲ್ಲಿಯ ಹುಲ್ಲು ಬಹಳ ಗಟ್ಟಿ.

ಇತ್ತ ಆಟಗಾರ ನಗುತ್ತ ಶಾಲು ಮಡಚಿ ತಂದು ವಂದನಕ್ಕನ ಕೈಗೆ ಕೊಟ್ಟು ತಲೆಬಾಗಿದ. ಅದು ತಡೆಯದಿದ್ದರೆ ಚೆಂಡು ಉರುಳಿ ಕೆರೆ ಸೇರುತ್ತಿತ್ತಂತೆ. ವಂದನಕ್ಕ ಶಾಲು ಹೊದ್ದು, ಬೈರಾಸನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಕೊನೆಗೆ ನೀಲಾವತಿಯ ಕೈ ಹಿಡಿದುಕೊಂಡರು.

"ಮದುವೆಯ ಹಾಲ್ ನೀವು ನೋಡಿ. ಊಟ ನಮ್ಮ ಹೋಟೆಲಿನವರು ನೋಡ್ತಾರೆ."

ನನಗೆ ಹೋದ ಜೀವ ಬಂತು. ಶೆಟ್ಟರು ನನ್ನ ಕಡೆ ತೋರಿಸಿ ಕೇಳಿದರು, "ಹಾಗಾದರೆ ಬೀಗರಿಗೆ ಎಂತ ಕೆಲಸ?"

"ಅವರು ಊಟದ ಪಂಕ್ತಿಯಲ್ಲಿ ನಮಗೆ ಜಾಗ ಹಿಡಿಯಲಿ," ಎಂದರು ವಂದನಕ್ಕ, "ಮಾತಾಡದೆ!"