ನಡುಮನೆಯ ರೇಷ್ಮೆ ಹುಳುಗಳಿಗೆ ಬಾಣಂತಿಯ ಅಹವಾಲು

ಹೊಂಗನೂರು
೧೮ ಜನವರಿ ೨೦೦೮

ನಮ್ಮ ನಡುಮನೆಯ ಬಿದಿರು ತಟ್ಟೆಗಳಲ್ಲಿ ಬೆಚ್ಚಗೆ ದಯಮಾಡಿಸಿರುವ, ದಿನಕ್ಕೆ ನಾಲ್ಕು ಹೊತ್ತು ಹಿಪ್ಪುನೇರಳೆ ಸೊಪ್ಪು ಸ್ವೀಕರಿಸುತ್ತಿರುವ, ಇನ್ನೆರಡು ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಲಿರುವ ಸಮಸ್ತ ರೇಷ್ಮೆ ಹುಳುಗಳ ಸನ್ನಿಧಾನಕ್ಕೆ,

ಮಾನ್ಯರೇ,

ಪಕ್ಕದ ಕೋಣೆಯ ಬಾಣಂತಿ ರಮ್ಯಾ ಮಾಡುವ ಅನಂತ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದು ಬಲ್ಲೆ. ತಮ್ಮ ಕ್ಷೇಮಸಮಾಚಾರವು ಈ ಮನೆಯಲ್ಲಿ ಗಂಟೆಗೊಮ್ಮೆ ಪ್ರಕಟವಾಗುವುದರಿಂದ ಅದನ್ನು ನಾನು ಪ್ರತ್ಯೇಕವಾಗಿ ವಿಚಾರಿಸಬೇಕಾದ ಅಗತ್ಯ ಬಿದ್ದಿಲ್ಲ. ನಮ್ಮ ಕ್ಷೇಮವನ್ನು ತಾವು ಕೇಳಿಲ್ಲ, ಆದರೂ ಅರಿಕೆ ಮಾಡಿಕೊಳ್ಳುತ್ತೇನೆ. ಹಿರಿಯವನು ದೀಪು, ಎರಡೂವರೆ ವರ್ಷದವನು, ಸಂಕ್ರಾಂತಿಗೆ ಮೊದಲಿನಿಂದಲೂ ಮೂಗು ಸುರಿಸುತ್ತಿದ್ದಾನೆ. ಕಿರಿಯವಳಿಗೆ ಇವತ್ತಿಗೆ ಇಪ್ಪತ್ತೊಂಬತ್ತು ದಿನ. ಹುಟ್ಟಿದಾಗ ಎರಡು ಕೆಜಿಗೆ ನೂರು ಗ್ರಾಂ ಕಡಿಮೆ ಇದ್ದಳು. ಇನ್ನೂ ಹೆಸರಿಟ್ಟಿಲ್ಲ, ಯಾಕೆಂದರೆ ತಾವು ಗೂಡು ಕಟ್ಟುವ ತನಕ ನೆಂಟರಿಷ್ಟರನ್ನು ಕರೆದು ಮನೆಯಲ್ಲಿ ಗದ್ದಲ ಮಾಡುವಂತಿಲ್ಲ.

ಬಾಣಂತಿಯಾದವಳು ಓದಬಾರದು, ಬರೆಯಬಾರದು, ಕಣ್ಣು ಮಂಜಾಗುತ್ತವೆ ಎಂದು ನಮ್ಮತ್ತೆ ದೊಡ್ಡಲಕ್ಷ್ಮಮ್ಮನವರ ಅಪ್ಪಣೆಯಿರುವುದರಿಂದ, ಅವರು ತಮಗೆ ಸೊಪ್ಪು ಕೊಯ್ಯಲು ಹೊಲಕ್ಕೆ ಹೋದಾಗಲೆಲ್ಲ ನಾಲ್ಕು ನಾಲ್ಕು ಸಾಲಿನಂತೆ ಬರೆದ ಪತ್ರವಿದು. ಕಾಗದವೂ ತಮ್ಮದೇ. 'ಚಳಿಗಾಲದಲ್ಲಿ ಹುಳುಗಳ ಆರೈಕೆ' ಎಂಬ ಕರಪತ್ರದ ಒಂದು ಕಟ್ಟು ಮೂಲೆಯಲ್ಲಿ ಬಿದ್ದಿತ್ತು, ಅದರ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಮುಂಬದಿಯನ್ನೂ ಓದಿದೆ. ಕೋಣೆ ಬೆಚ್ಚಗಿರಬೇಕು, ಹಾಸಿಗೆ ಒಣಗಿರಬೇಕು, ಹೊತ್ತಿಗೆ ಸರಿಯಾಗಿ ಆಹಾರ ಕೊಡಬೇಕು, ಥಂಡಿಗಾಳಿ ತಾಕಿಸಬಾರದು ಎಂದೆಲ್ಲ ಓದುತ್ತಾ ಹೋದಂತೆ, ಯಾರೋ ಪುಣ್ಯಾತ್ಮ ಮಕ್ಕಳ ಡಾಕ್ಟರು ನನ್ನ ಮಗಳಿಗೆಂದೇ ಬರೆದದ್ದು ತಪ್ಪಿ ತಮ್ಮ ವಿಳಾಸಕ್ಕೆ ಬಂದಿದೆಯೇನೋ ಎನ್ನಿಸಿತು.

ವಿಷಯಕ್ಕೆ ಬರುತ್ತೇನೆ. ವಿಷಯ: ಹೀಟರು. ನನ್ನ ಯಜಮಾನರಾದ ಮುನೇಶ್ ಅವರು ಹಾರೋಹಳ್ಳಿಯ ಕಡೆ ಹೊಸದಾಗಿ ಎದ್ದ ಕಾರ್ಖಾನೆಯೊಂದರಲ್ಲಿ ಬಾಟಲಿಗಳ ಮುಚ್ಚಳ ಮಾಡುವ ಮಿಷನ್ನಿನ ಮುಂದೆ ನಿಲ್ಲುವವರು. ಅಲ್ಲಿಯೇ ನಾಲ್ವರು ಸೇರಿ ಒಂದು ರೂಮು ಮಾಡಿಕೊಂಡು, ವಾರಕ್ಕೊಮ್ಮೆ ಊರಿಗೆ ಬರುತ್ತಾರೆ. ಮಗಳು ಹುಟ್ಟಿದ ಮೂರನೆಯ ದಿನ, ಭಾನುವಾರ, ಎರಡು ಬಸ್ಸು ಬದಲಾಯಿಸಿ, ತೊಡೆಯ ಮೇಲಿಟ್ಟುಕೊಂಡು ಒಂದು ಹೀಟರು ತಂದು "ಪಾಪೂಗೆ" ಅಂದರು. ಮದುವೆಯಾದ ಮೇಲೆ ಅವರು ಹೇಳಿದ ಮಾತುಗಳಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಅದೇ ಎಂದರೆ ತಪ್ಪಿಲ್ಲ. ಹತ್ತು ದಿನ ಅದು ನಮ್ಮ ಕೋಣೆಯಲ್ಲಿ ಕೆಂಪಗೆ ಉರಿಯಿತು. ಹೊಸ ವರ್ಷದ ಎರಡನೆಯ ದಿನ, ತಾವು ಮರಿಹುಳುಗಳಾಗಿ ಆಟೋದಲ್ಲಿ, ಹಸಿಬಟ್ಟೆಯ ಮರೆಯಲ್ಲಿ, ಮದುವಣಗಿತ್ತಿಯ ಮರ್ಯಾದೆಯೊಂದಿಗೆ ನಮ್ಮ ಮನೆಗೆ ಬಂದಿರಿ. ಅರ್ಧ ಗಂಟೆಯೊಳಗೆ ಹೀಟರಿನ ಪ್ಲಗ್ಗು ನಮ್ಮ ಗೋಡೆಯಿಂದ ಕಿತ್ತು ತಮ್ಮ ಗೋಡೆಗೆ ಹೋಯಿತು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತೀರ್ಪು ಕೊಟ್ಟಿದ್ದರು. "ಮಗೀಗೆ ಇನ್ನೊಂದು ದುಪ್ಟಿ ಹೊದ್ಸುದ್ರಾಯ್ತು. ಹುಳಕ್ಕೆ ದುಪ್ಟಿ ಹೊದ್ಸಕ್ಕಾಯ್ತದಾ?" ಬಿ.ಎ. ಎರಡನೆಯ ದರ್ಜೆಯಲ್ಲಿ ಪಾಸಾದ ನಾನು ಈ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಹುಡುಕುತ್ತಿದ್ದೇನೆ. ಯಜಮಾನರಿಗೆ ಫೋನು ಮಾಡಿದರೆ, "ಹುಳದ್ ವಿಸ್ಯ ಅವ್ವಂಗೇ ಗೊತ್ತು ಕಣೇ, ಇಲ್ಲಿ ಸೂಪರ್‌ವೈಸರ್ ನೋಡ್ತಾವ್ನೆ, ಮಡಗ್ತೀನಿ" ಎಂದು ಮಡಗಿಯೇ ಬಿಟ್ಟರು. ಮುಂದಿನ ಭಾನುವಾರ ಬಂದವರು ಕೈಕಾಲು ತೊಳೆದು ಮೊದಲು ತಮ್ಮ ದರ್ಶನಕ್ಕೆ ಹೋಗಿ, "ಚೆನ್ನಾಗವೆ" ಎಂದು ಸರ್ಟಿಫಿಕೇಟು ಕೊಟ್ಟು, ಆಮೇಲೆ ನಮ್ಮ ಕೋಣೆಗೆ ಬಂದು, ಮೂರು ದುಪ್ಪಟಿಗಳ ಸಂದಿಯಲ್ಲಿ ಮಗಳ ಮೂಗು ಕಂಡಷ್ಟನ್ನು ನೋಡಿ ಹೋದರು. ತಂದೆಯ ಪ್ರೀತಿ ಎಷ್ಟು ದೊಡ್ಡದೆಂದರೆ, ಅದು ಹಂಚಿ ಉಳಿದದ್ದೂ ನಮಗೆ ಸಿಕ್ಕಿತು.

ತಮ್ಮ ಮೂಗಿನ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಅದು ತಮ್ಮ ಮೈಯಲ್ಲಿ ಎಲ್ಲಿದೆ ಎಂದು ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲವಾದರೂ, ಅದರ ಸೂಕ್ಷ್ಮತೆಗೆ ಈ ಮನೆ ತಲೆಬಾಗಿದೆ. ತಮಗೆ ಹೊಗೆ ಆಗದು, ಆದ್ದರಿಂದ ಮಗುವಿಗೆ ಸಾಂಬ್ರಾಣಿ ಇಲ್ಲ. ಘಾಟು ಆಗದು, ಆದ್ದರಿಂದ ನನಗೆ ಬೆಳ್ಳುಳ್ಳಿ ಹುರಿದು ಹಾಕಿದ ಸಾರಿಲ್ಲ. ಪೌಡರಿನ ವಾಸನೆ ಆಗದು, ಆದ್ದರಿಂದ ನನ್ನ ತವರಿನವರು ಮಾಗಡಿಯಿಂದ ತಂದುಕೊಟ್ಟ ಡಬ್ಬಿ ಇನ್ನೂ ಮುಚ್ಚಳ ತೆರೆಯದೆ ಕೂತಿದೆ. ಎಣ್ಣೆ ಸೀಗೆಯ ವಾಸನೆ ತಮ್ಮತ್ತ ಸುಳಿಯದಿರಲಿ ಎಂದು ಮಗುವಿಗೆ ನೀರು ಹಾಕುವ ಕಾರ್ಯಕ್ರಮವನ್ನು ಬಚ್ಚಲಿನಿಂದ ಹಿತ್ತಲಿನ ಕೊಟ್ಟಿಗೆಗೆ ವರ್ಗಾಯಿಸಲಾಗಿದೆ. ಅಲ್ಲಿ ಮಂಜು ಸುರಿಯುವ ಬೆಳಗಿನಲ್ಲಿ, ಹಸುವಿನ ಸಮಕ್ಷಮದಲ್ಲಿ, ನನ್ನ ಮಗಳು ಹಲ್ಲಿಲ್ಲದ ವಸಡು ಕಟಕಟಿಸುತ್ತಾಳೆ. ಹಸು ಮಾತ್ರ ಏನೂ ಆಕ್ಷೇಪಣೆ ಎತ್ತಿಲ್ಲ.

ಇನ್ನು ತಾವು ಪೊರೆ ಬಿಡುವ ಮೊದಲು ಒಂದು ದಿನ ತಿನ್ನದೆ ತಲೆಯೆತ್ತಿ ಸುಮ್ಮನೆ ಕೂರುತ್ತೀರಲ್ಲ, ಅದನ್ನು ಈ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ಆ ಜ್ವರದ ದಿನ ಮಾವನವರಾದ ಅಂಕಯ್ಯನವರು ಕೆಮ್ಮಬೇಕಾದರೂ ಬೀದಿಗೆ ಹೋಗಿ ಕೆಮ್ಮಿ ಬಂದರು. ಅದೇ ವಾರ ನನ್ನ ದೀಪುವಿಗೆ ಮೈ ಕಾದು ಹಂಚಾಗಿತ್ತು. ಅವನ ತಲೆದೆಸೆಯಲ್ಲೇ ಕಡ್ಡಿಸೊಪ್ಪು ಕತ್ತರಿಸುವ ಕೆಲಸ ಸಾಂಗವಾಗಿ ನಡೆಯಿತು. ತಮ್ಮ ಆರೋಗ್ಯ ವಿಚಾರಿಸಲು ರೇಷ್ಮೆ ಸಾಹೇಬರೊಬ್ಬರು ಬೈಕಿನಲ್ಲಿ ಬಂದು, ಗೋಡೆಗೆ ಥರ್ಮಾಮೀಟರು ತೂಗುಹಾಕಿ, ಇಪ್ಪತ್ತೈದು ಡಿಗ್ರಿಗೆ ಕಡಿಮೆಯಾದರೆ ತಮಗೆ ಬೇಜಾರಾಗುತ್ತದೆ ಎಂದು ಹೇಳಿಹೋದರು. ಅವರು ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ ಮಗು ಅಳುತ್ತಿತ್ತು. ಆದರೆ ಅದು ಅವರ ಇಲಾಖೆಗೆ ಸೇರಿದ ಪ್ರಾಣಿಯಲ್ಲವಲ್ಲ.

ನಾನೇ ಮಗುವನ್ನೆತ್ತಿಕೊಂಡು ತಮ್ಮ ಬೆಚ್ಚನೆಯ ನಡುಮನೆಗೆ ಬಂದುಬಿಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅಯ್ಯೋ, ಎಲ್ಲಾದರೂ ಉಂಟೇ? ಬಾಣಂತಿಯ ಗಾಳಿ ಸೋಕಿದರೆ ತಾವು ಕಪ್ಪಗಾಗಿ ಸುರುಟಿಹೋಗುತ್ತೀರಂತೆ. ಮೂಗು ಸುರಿಸುವ ದೀಪುವಿಗೆ ಕೈ ತೊಳೆದರೆ ಪ್ರವೇಶವುಂಟು, ನನಗೆ ತಲೆಯಿಂದ ಕಾಲಿನವರೆಗೆ ತೊಳೆದರೂ ಇಲ್ಲ. ಇಡೀ ಮನೆಯಲ್ಲಿ ಬೆಚ್ಚಗಿದ್ದದ್ದು ಒಂದೇ ಕೋಣೆ, ಅದರ ಹೊಸಿಲಿನ ಈಚೆಗೆ ನಾನು, ಆಚೆಗೆ ತಾವು.

ಈ ತಿಂಗಳ ಎಂಟನೆಯ ತಾರೀಖು ನರ್ಸಮ್ಮ ಫಿರೋಜಾ ಬಂದು ಮಗುವನ್ನು ತೂಗಿದರು. ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ, ಒಂದು ಗ್ರಾಮೂ ಏರಿರಲಿಲ್ಲ. "ಪಾದ ಮುಟ್ಟಿ ನೋಡಮ್ಮ, ಐಸ್ ಇದ್ದಂಗವೆ" ಅಂದರು. "ಕುಡಿದ ಹಾಲೆಲ್ಲ ಮೈ ಬಿಸಿ ಮಾಡ್ಕೊಳ್ಳಕ್ಕೇ ಹೋಗ್ತಾ ಐತೆ, ಇನ್ನು ಬೆಳೆಯೋದು ಹೆಂಗೆ? ಬೆಚ್ಚಗಿಡು. ಮುಂದಿನ ವಾರವೂ ಹಿಂಗೇ ಇದ್ರೆ ಆಸ್ಪತ್ರೆಗೆ ಸೇರಿಸ್ಬೇಕಾಯ್ತದೆ, ಸುಮ್ನೆ ಹೇಳ್ತಿಲ್ಲ." ನಾನು ಅತ್ತೆಯವರ ಮುಖ ನೋಡಿದೆ. ಅವರು ನಾಲ್ಕನೆಯ ದುಪ್ಪಟಿ ತಂದುಕೊಟ್ಟರು. ನನಗೆ ಭಯವಾಯಿತು, ಮಾನ್ಯರೇ. ಈ ಪತ್ರದಲ್ಲಿ ಎಷ್ಟು ವ್ಯಂಗ್ಯವಾಡಿದರೂ ಆ ದಿನ ಮಾತ್ರ ನನಗೆ ನಿಜವಾಗಿಯೂ ಭಯವಾಯಿತು.

ಆ ಭಯದಲ್ಲಿ ನಾನು ಮನಸ್ಸಿನಲ್ಲೇ ತಮಗೆ ಸಲ್ಲಿಸಿದ ಮನವಿಗಳು ಹಲವು. ತಾವು ಹೇಗೂ ಮೈಸುತ್ತ ಮನೆ ಕಟ್ಟಿಕೊಳ್ಳುವವರು, ಕಟ್ಟುವಾಗ ನನ್ನ ಮಗಳನ್ನೂ ನಡುವೆ ಹಾಕಿಕೊಂಡು ಕಟ್ಟಿ, ಮೂಗಿನ ಹತ್ತಿರ ಒಂದು ತೂತು ಬಿಟ್ಟರೆ ಸಾಕು ಎಂದು ಬೇಡಿದೆ. ತಮ್ಮಲ್ಲಿ ಹಿರಿಯರೊಬ್ಬರು ನಮ್ಮತ್ತೆಯವರ ಕನಸಿನಲ್ಲಿ ಬಂದು ಸೆಖೆಯಾಗುತ್ತಿದೆ ಎಂದು ಹೇಳಬಾರದೇ ಎಂದು ಕೇಳಿದೆ. ಅದೂ ಆಗದಿದ್ದರೆ ಮಗುವನ್ನು ತಮ್ಮ ಕುಲಕ್ಕೆ ಸೇರಿಸಿಕೊಂಡು ಒಂದು ತಟ್ಟೆ ಮಂಜೂರು ಮಾಡಿ, ಯಾರೂ ಲೆಕ್ಕ ಹಾಕುವುದಿಲ್ಲ ಎಂದೂ ಅಂಗಲಾಚಿದೆ. ತಾವು ತಿನ್ನುವುದರಲ್ಲಿ ಮಗ್ನರಾಗಿದ್ದಿರಿ.

ಹನ್ನೊಂದನೆಯ ತಾರೀಖು ಬೆಳಿಗ್ಗೆ ನಾನು ಹಿತ್ತಲಿನಲ್ಲಿ ಮಗುವಿನ ಬಟ್ಟೆ ಹರವಿ ಒಳಗೆ ಬರುವಷ್ಟರಲ್ಲಿ, ದೀಪು ತಂಗಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅವಳ ಹೊದಿಕೆಯ ಮೇಲೆ, ಎದೆಯ ಮೇಲೆ, ಕೆನ್ನೆಯ ಪಕ್ಕದಲ್ಲಿ ಸಣ್ಣಗೆ ಹೆಚ್ಚಿದ ಸೊಪ್ಪನ್ನು ಒಂದೇ ಸಮನಾಗಿ, ಅವನಜ್ಜಿ ತಟ್ಟೆಯಲ್ಲಿ ಉದುರಿಸುತ್ತಾರಲ್ಲ ಹಾಗೆಯೇ ಉದುರಿಸಿದ್ದ. ಒಂದು ಚೂರು ತುಟಿಯ ಮೇಲಿತ್ತು. ಸದ್ಯ, ಒಳಗೆ ಹೋಗಿರಲಿಲ್ಲ. ಕೈಯನ್ನು ತೊಳೆದುಕೊಂಡೇ ಬಂದಿದ್ದ, ಅಂಗಿಯ ತೋಳು ಒದ್ದೆಯಾಗಿತ್ತು. "ಪಾಪು ತಿಂತಾನೇ ಇಲ್ಲ ಕಣವ್ವ" ಎಂದು ನನಗೇ ದೂರು ಹೇಳಿದ. ಬೈಯಬೇಕೆಂದು ಹೋದವಳು ಅವನ ಒದ್ದೆ ತೋಳನ್ನು ಮಡಿಸಿದೆ. ಈ ಮನೆಯಲ್ಲಿ ನನ್ನ ಮಗಳನ್ನು ಒಂದು ಹುಳುವಿಗೆ ಸಮನಾಗಿ ನೋಡಿಕೊಂಡವನು ಆ ಎರಡೂವರೆ ವರ್ಷದವನೊಬ್ಬನೇ.

ಸೊಪ್ಪು ಕೊಡವಿ, ಮಗಳನ್ನು ಎದೆಗೆ ಕಟ್ಟಿಕೊಂಡು, ಮಗನ ಕೈ ಹಿಡಿದು, ಹೊಸಿಲು ದಾಟಿ ತಮ್ಮ ನಡುಮನೆಗೆ ಬಂದು ಹೀಟರಿನ ಮುಂದೆ ಕೂತುಬಿಟ್ಟೆ. ತಮ್ಮಲ್ಲೊಬ್ಬರೂ ತಲೆಯೆತ್ತಿ ನೋಡಲಿಲ್ಲ. ಅತ್ತೆ ಸೊಪ್ಪಿನ ಹೊರೆಯನ್ನು ಬಾಗಿಲಲ್ಲೇ ಹಾಕಿ, "ಬೆಳೆ ಹಾಳ್ ಮಾಡ್ಬುಟ್ಳಲ್ಲಪ್ಪ, ಎದ್ದೋಗೇ ಆಚೆಗೆ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. "ಏಳಲ್ಲ ಅತ್ತೆ" ಎಂದೆ. ಈ ಮನೆಗೆ ಬಂದ ನಾಲ್ಕು ವರ್ಷದಲ್ಲಿ ನಾನು ಅವರಿಗೆ ಎದುರು ಹೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಎಂದಿನಂತೆ ಕರೆಂಟು ಹೋಯಿತು, ಹೀಟರು ಕಪ್ಪಾಯಿತು. ಅವರು ಬೈಯುತ್ತಲೇ ಇದ್ದರು, ನಾನು ಕೂತೇ ಇದ್ದೆ.

ಒಂದು ಗಂಟೆಯ ಮೇಲೆ ಮಾವನವರು ಥರ್ಮಾಮೀಟರಿನ ಹತ್ತಿರ ಹೋಗಿ, ಕನ್ನಡಕ ಮೇಲೆತ್ತಿ ನೋಡಿ, "ಲಕ್ಷ್ಮೀ, ಬಾ ಇಲ್ಲಿ" ಎಂದರು. "ದಿನಾ ಕರೆಂಟ್ ಹೋದ್ರೆ ಮೂರು ಡಿಗ್ರಿ ಇಳೀತಿತ್ತು. ಇವತ್ತು ಒಂದೇ ಇಳ್ದೈತೆ. ಮೂರು ಜನ ಕೂತವ್ರಲ್ಲ, ಮೈ ಬಿಸಿ ಕಣೇ." ಅತ್ತೆ ಥರ್ಮಾಮೀಟರನ್ನು ನೋಡಿದರು, ತಮ್ಮನ್ನು ನೋಡಿದರು, ಕೊನೆಗೆ ನಮ್ಮನ್ನೂ ಒಸಿ ನೋಡಿದರು. "ಹಂಗಾದ್ರೆ ಇರ್ಲಿ ಬುಡು. ಹುಳಕ್ಕೆ ಒಳ್ಳೇದಾಯ್ತದೆ" ಎಂದರು. ಮೈಲಿಗೆಯ ಸುದ್ದಿ ಅಲ್ಲಿಂದಾಚೆಗೆ ಯಾರ ಬಾಯಲ್ಲೂ ಬರಲಿಲ್ಲ.

ಹೀಗೆ ನಾನು, ನನ್ನ ಮಗ ಮತ್ತು ನನ್ನ ಮಗಳು ತಮ್ಮ ಸೇವೆಗೆ ನೇಮಕಗೊಂಡೆವು. ಕರೆಂಟು ಹೋದ ಹೊತ್ತಿನಲ್ಲಿ ತಮ್ಮನ್ನು ಬೆಚ್ಚಗಿಡುವುದು ನಮ್ಮ ಕೆಲಸ. ಕರೆಂಟು ಇರುವ ಹೊತ್ತಿನಲ್ಲಿ ನಾವೂ ಬೆಚ್ಚಗಿದ್ದರೆ ಯಾರದೂ ಅಭ್ಯಂತರವಿಲ್ಲ. ಹದಿನೈದನೆಯ ತಾರೀಖು ಫಿರೋಜಾ ಬಂದು ತೂಗಿದರೆ ಮಗಳು ನೂರೈವತ್ತು ಗ್ರಾಂ ಏರಿದ್ದಳು. ನಾನು ಆ ಹೆಣ್ಣುಮಗಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಆ ಸಂಜೆ ಅತ್ತೆ ಜಗಲಿಯಲ್ಲಿ ಕೂತು, ಬಂದವರಿಗೆಲ್ಲ, "ಈ ಸಲ ಹುಳ ಬಲವಾಗವೆ ಕಣವ್ವ, ಹಿಂಗೆ ಯಾವತ್ತೂ ಆಗಿರ್ನಿಲ್ಲ" ಎಂದು ಹೇಳಿಕೊಂಡರು. ಅಭಿನಂದನೆಗಳು.

ಈಗ ಹೊಸ ಆದೇಶ ಹೊರಟಿದೆ. ನಾಡಿದ್ದು ತಾವು ಹಣ್ಣಾಗಿ, ಗೂಡು ಕಟ್ಟಲೆಂದು ಇಟ್ಟ ಬಿದಿರಿನ ಚಂದ್ರಿಕೆ ಹತ್ತಿದರೆ ಆಮೇಲೆ ಶಾಖ ಬೇಕಿಲ್ಲವಂತೆ, ಕಿಟಕಿ ಬಾಗಿಲು ತೆಗೆದು ಗಾಳಿ ಆಡಿಸಬೇಕಂತೆ. ಆದ್ದರಿಂದ ಹೀಟರನ್ನು ಒರೆಸಿ, ಪ್ಲಾಸ್ಟಿಕ್ ಕವರು ಹಾಕಿ, ಮುಂದಿನ ಬೆಳೆಗೆಂದು ಅಟ್ಟದ ಮೇಲಿಡುವುದು. ನಾವು ಮೂವರು ನಮ್ಮ ತಣ್ಣನೆಯ ಕೋಣೆಗೆ ವಾಪಸಾಗುವುದು. ಮಾನ್ಯರೇ, ತಮ್ಮಲ್ಲಿ ನನ್ನ ಕೊನೆಯ ವಿಜ್ಞಾಪನೆಯೆಂದರೆ, ಸಾಧ್ಯವಾದರೆ ಮಾರ್ಚ್ ತಿಂಗಳವರೆಗೆ ತಿನ್ನುತ್ತಲೇ ಇರಿ. ಸಾಧ್ಯವಿಲ್ಲವೆಂದಾದರೂ ಹೀಟರಂತೂ ಅಟ್ಟಕ್ಕೆ ಹೋಗುವುದಿಲ್ಲ. ತಾವು ಚಂದ್ರಿಕೆಗೆ ಕಾಲಿಟ್ಟ ಗಳಿಗೆಯಲ್ಲಿ ಪ್ಲಗ್ಗನ್ನು ನಾನೇ ಕಿತ್ತು, ನನ್ನ ಗೋಡೆಗೆ ಹಾಕಿ, ಬಾಗಿಲಿಗೆ ಒಳಗಿನಿಂದ ಅಗುಳಿ ಜಡಿಯುತ್ತೇನೆ. ಅತ್ತೆಯವರಿಗೆ ಇನ್ನೂ ಹೇಳಿಲ್ಲ; ಈ ಮನೆಯಲ್ಲಿ ಏನಿದ್ದರೂ ಮೊದಲು ತಮಗೆ, ಆಮೇಲೆ ಮಿಕ್ಕವರಿಗೆ ಎಂಬ ಪದ್ಧತಿಯನ್ನು ನಾನು ಮುರಿಯಲಾರೆ.

ಇನ್ನೆರಡು ದಿನ ಮಾತ್ರ ತಮ್ಮ ಚಾಕರಿಯಲ್ಲಿರುವ, ತಮ್ಮ ವಿಶ್ವಾಸಿ,
ರಮ್ಯಾ

ಮರೆತ ಮಾತು: ತಾವು ಗೂಡಾದ ಮೇಲೆ ರಾಮನಗರದ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಚನ್ನಪಟ್ಟಣದಲ್ಲಿ ನೂಲು ತೆಗೆಯುವ ಇದ್ರೀಸ್ ಸಾಹೇಬರ ಮನೆಗೆ ದಯಮಾಡಿಸುತ್ತೀರಿ ಎಂದು ಕೇಳಿದ್ದೇನೆ. ಅಲ್ಲಿ ತಮಗಾಗಿ ಬೆಳಗಿನಿಂದ ಸಂಜೆಯವರೆಗೆ ಕುದಿನೀರು ಕಾಯಿಸಿಟ್ಟಿರುತ್ತಾರಂತೆ. ಅಲ್ಲಿಯೂ ತಮಗೆ ಚಳಿಯಾದರೆ ಒಂದು ಮಾತು ಹೇಳಿಕಳಿಸಿ, ಹೀಟರನ್ನು ನಾನೇ ಹೊತ್ತು ತಂದುಕೊಡುತ್ತೇನೆ.